ಸವಣೂರಿನ ಎಂಟು ಹಾಯಿ

ಕಾರವಾರ
3 ಅಕ್ಟೋಬರ್ 2024

ದಿಲ್ಶಾದ ಚಾಚಿಗೆ ತನುಜಾಳ ನಮಸ್ಕಾರ.

ಯಲ್ಲಪ್ಪ ಇಲ್ಲಿ ವೀಳ್ಯದೆಲೆ ಇಳಿಸಿ ಸವಣೂರಿಗೆ ವಾಪಸು ಬರುವ ಗಾಡಿಯಲ್ಲಿ ಈ ಪತ್ರದ ಜೊತೆ ಒಂದು ಬಟ್ಟೆಯ ಸುರುಳಿ, ಒಂದು ನಕ್ಷೆಯ ಸುರುಳಿ ಕಳಿಸಿದ್ದೇನೆ. ಮೊದಲು ಫೋನು ಮಾಡಿದ್ದೆ. ಮುಬಶೀರ ಎತ್ತಿದ. "ನಾ ಹಿರೇಕೆರೂರಾಗ ಅದೇನಿ ಅಕ್ಕಾ. ಗೋವಿನಜೋಳದ ಸೀಜನ್ ಮುಗಿಯೋತನಕಾ ತಾಡಪತ್ರಿ ಮಾರ್ಕೊಂತ ಇಲ್ಲೇ ಇರ್ತೇನಿ. ಅಮ್ಮಿ ಕಡೆ ಫೋನ್ ಇಲ್ಲ, ಕಾಗದಾ ಬರೀರಿ" ಅಂದ. ಒಳ್ಳೆಯದೇ ಆಯಿತು. ಅಳತೆಯನ್ನು ಬಾಯಲ್ಲಿ ಹೇಳಬಾರದು, ಕಾಗದದ ಮೇಲೆ ಬರೆದು ಕೊಡಬೇಕು ಅಂತ ನಿಮ್ಮ ಅಂಗಡಿಯಲ್ಲಿ ಜೋಳದ ರಾಶಿಗೆ ಮುಚ್ಚುವ ತಾಡಪತ್ರಿ ಹೊಲಿಯುತ್ತಿದ್ದಾಗಲೇ ಕಲಿತವಳು ನಾನು.

ವಿಷಯ ಇಷ್ಟು. ನಾನು ಕೆಲಸ ಮಾಡುವ ಹಾಯಿದೋಣಿ ಕ್ಲಬ್ಬಿನಲ್ಲಿ ಹನ್ನೆರಡು ಜೋಡಿದೋಣಿಗಳಿವೆ. ಎರಡು ಸಪೂರ ದೋಣಿಗಳನ್ನು ಅಕ್ಕಪಕ್ಕ ಇಟ್ಟು, ನಡುವೆ ಮಂಚಕ್ಕೆ ನವಾರು ಬಿಗಿದಂತೆ ಬಲೆ ಬಿಗಿದಿರುತ್ತಾರೆ. ಇಬ್ಬರು ಅದರ ಮೇಲೆ ಕೂತು ಹಾಯಿ ಹಿಡಿದು ನಡೆಸಬೇಕು. ಮೂವತ್ತು ವರ್ಷದ ಹಿಂದೆ ಒಂದೇ ಅಚ್ಚಿನಲ್ಲಿ ತೆಗೆದ ದೋಣಿಗಳು. ಪಂದ್ಯದ ನಿಯಮವೂ ಅದೇ: ಎಲ್ಲವೂ ಒಂದೇ ಥರ ಇರಬೇಕು, ಗೆದ್ದವರು ಕೈಚಳಕದಿಂದ ಗೆಲ್ಲಬೇಕು.

ಈಗ ಹಾಯಿಗಳು ಚಿಂದಿಯಾಗಿವೆ. ಹೊಸ ದೋಣಿ ಕೊಳ್ಳಲು ಯಾರೂ ತಯಾರಿಲ್ಲ. ಹಳೆಯವಕ್ಕೇ ಹೊಸ ಚುಕ್ಕಾಣಿ, ಹೊಸ ಬಲೆ, ಈಗಿನ ಕಾಲದ ತಲೆ ಅಗಲವಾದ ಹಾಯಿ ಹಾಕಿ ಓಡಿಸೋಣ ಅಂತ ನಾನು ಕಮಿಟಿಯನ್ನು ಒಪ್ಪಿಸಿದ್ದೇನೆ. ಅವರದೊಂದು ಷರತ್ತು. ಜನವರಿ 18ರ ಪಂದ್ಯದಲ್ಲಿ ಒಂದೇ ಥರದ ಎಂಟು ದೋಣಿ ಹೊರಟರೆ ಪಂದ್ಯದಲ್ಲಿ ಜೋಡಿದೋಣಿಗಳ ಈ ವರ್ಗ ಉಳಿಯುತ್ತದೆ. ಏಳೇ ಹೊರಟರೆ ಪಂದ್ಯದ ಪಟ್ಟಿಯಿಂದ ತೆಗೆದು, ಹನ್ನೆರಡನ್ನೂ ಒಡೆದು ಗುಜರಿಗೆ ಹಾಕುತ್ತಾರೆ. ನನ್ನ ಬಳಿ ಹದಿನಾರು ಹುಡುಗಿಯರು ಕಲಿಯುತ್ತಿದ್ದಾರೆ, ಹೆಚ್ಚಿನವರು ಮೀನುಗಾರರ ಮನೆಯವರು. ಬೇರೆ ದೋಣಿಗಳಿಗೆ ಭಾರದ ಆಳು ಬೇಕು. ಇದು ಹೋದರೆ ಅವರಿಗೆ ಬೇರೆ ಏನೂ ಇಲ್ಲ.

ಎಂಟು ಹಾಯಿ ನೀವು ಹೊಲಿದು ಕೊಡಬೇಕು. ಒಂದು ಹಾಯಿಗೆ ಒಂಬತ್ತು ಪಟ್ಟಿ. ಹೊಲಿಗೆ ಎಲ್ಲಿ ಬರಬೇಕೆಂದು ಪ್ರತಿ ಪಟ್ಟಿಗೂ ಗೆರೆ ಹಾಕಿದ್ದೇನೆ. ಮೊದಲು ಒಂದನ್ನು ಹೊಲಿದು ಕಳಿಸಿ. ನನಗೆ ಈಗಲೇ ನಿದ್ದೆ ಸರಿಯಾಗಿ ಬರುತ್ತಿಲ್ಲ.

ತನುಜಾ


ಸವಣೂರು
9 ಅಕ್ಟೋಬರ್ 2024

ತನುಜಾಗೆ ದಿಲ್ಶಾದಳ ದುವಾ.

ಬಟ್ಟೆ ಮುಟ್ಟಿತು. ಎಂಥಾ ಬಟ್ಟೆ ತಾಯಿ ಇದು, ಮಡಚಿದರೆ ಹಪ್ಪಳದ ಹಾಗೆ ಸದ್ದು ಮಾಡುತ್ತದೆ! ನನ್ನ ಸೊಸೆ ಮಾಹೀರಾ ಅದನ್ನು ಮುಟ್ಟಲಿಕ್ಕೇ ಹೆದರುತ್ತಾಳೆ. ಅವಳ ಮದುವೆಗೆ ನೀನು ಬರಲಿಲ್ಲ, ಅದನ್ನು ನಾನೇನು ಮರೆತಿಲ್ಲ.

ನಕ್ಷೆಯ ಕಾಗದ ಯಲ್ಲಪ್ಪನ ಒದ್ದೆ ಬುಟ್ಟಿಗಳ ನಡುವೆ ಸಿಕ್ಕು ಉಬ್ಬಿಕೊಂಡು ಬಂದಿತ್ತು. ಇಸ್ತ್ರಿ ಹಾಕಿ ಎಲ್ಲ ಸರಿ ಮಾಡಿಕೊಂಡಿದ್ದೇನೆ. ನೀನು ಚಿಂತೆ ಮಾಡುವ ಕಾರಣವಿಲ್ಲ. ಸಂಜೆ ನಿಮ್ಮೂರು ಹಿರೇಬೆಂಡಿಗೇರಿಯ ಬಸ್ಸು ತಪ್ಪಿದರೆ ಅಳುತ್ತಾ ನಿಲ್ಲುತ್ತಿದ್ದ ಹುಡುಗಿ ನೀನು, ನಿನ್ನ ಸ್ವಭಾವ ನನಗೆ ಗೊತ್ತು.

ಮಶೀನಿಗೆ ದಪ್ಪ ಸೂಜಿ ಹಾಕಿಸಿದ್ದೇನೆ. ನಿಮ್ಮ ಸಾಹೇಬರು ನಮ್ಮ ಅಂಗಡಿಯ ಬಗ್ಗೆ ಏನಂದರು, ಬರಿ.

ದಿಲ್ಶಾದ


ಸವಣೂರು
24 ಅಕ್ಟೋಬರ್ 2024

ತನುಜಾ,

ಮೊದಲನೇ ಹಾಯಿ ಕಳಿಸಿದ್ದೇನೆ. ಮಸೀದಿ ಓಣಿಯ ನಮ್ಮ ಅಂಗಳದಲ್ಲಿ ಹಾಸಿದರೆ ಬಾಗಿಲ ತನಕ ಬಂತು. ಓಣಿಯ ಹೆಂಗಸರೆಲ್ಲ ಬಂದು ನೋಡಿದರು. ಎಲ್ಲೂ ಒಂದು ಉಬ್ಬಿಲ್ಲ, ಒಂದು ಸುಕ್ಕಿಲ್ಲ. ಹಂಚಿನ ಮೇಲಿನ ರೊಟ್ಟಿಯೂ ಇಷ್ಟು ಚಪ್ಪಟೆ ಇರುವುದಿಲ್ಲ. ಮಾಹೀರಾ ಅಂದಳು, "ಅಮ್ಮೀ, ಇದನ್ನ ನೀರಾಗ ಹಾಕೂದಂದ್ರ ಹೊಟ್ಟಿ ಉರೀತೈತಿ." ಇದನ್ನು ನೀರಿಗೆ ಹಾಕುವುದಿಲ್ಲ, ಗಾಳಿಗೆ ಹಾಕುವುದು ಅಂತ ಅವಳಿಗೆ ತಿಳಿಸಿ ಹೇಳಿದೆ.

ಹೇಗಿದೆ ಬರಿ. ಸಾಹೇಬರು ಏನಂದರು ಅನ್ನುವುದನ್ನೂ ಬರಿ.

ದಿಲ್ಶಾದ


ಕಾರವಾರ
2 ನವೆಂಬರ್ 2024

ಚಾಚಿ,

ಹಾಯಿ ಚೆನ್ನಾಗಿದೆ. ಹೊಲಿಗೆ ನೋಡಿ ಹುಡುಗಿಯರು ಬೆರಗಾದರು. ಏರಿಸಿ ನೋಡಿದೆವು, ಅವತ್ತು ಗಾಳಿ ಕಡಿಮೆ ಇತ್ತು. ಉಳಿದ ಏಳರ ಬಟ್ಟೆ ಕಳಿಸಿದ್ದೇನೆ, ಹೀಗೆಯೇ ಮುಂದುವರಿಸಿ.

ಕೆಲಸ ಬಹಳ ಇದೆ, ಮತ್ತೆ ಬರೆಯುತ್ತೇನೆ.

ತನುಜಾ


ಸವಣೂರು
21 ನವೆಂಬರ್ 2024

ತನುಜಾ,

ನಾಲ್ಕು ಹಾಯಿ ಈ ಗಾಡಿಯಲ್ಲಿ ಬರುತ್ತಿವೆ. ಮೊದಲನೆಯದೂ ಸೇರಿ ಐದಾದವು. ಉಳಿದ ಮೂರು ಡಿಸೆಂಬರ್ ಎರಡನೇ ವಾರಕ್ಕೆ.

ನಿನ್ನ ಪತ್ರ ಆರು ಸಾಲು ಇತ್ತು. ಖುಷಿಯಾದರೆ ನೀನು ಕಾಗದದ ಅಂಚಿನಲ್ಲೂ ಬರೆಯುವವಳು. ಅಲ್ಲೇನಾದರೂ ತೊಂದರೆಯೇ? ಮೈಯಲ್ಲಿ ಆರಾಮಿದ್ದೀಯಲ್ಲ? ನಿನ್ನ ಅವ್ವ ವೀರವ್ವ ಸಂತೆಗೆ ಬಂದಾಗ ಸಿಕ್ಕಿದ್ದಳು. "ಆಕಿ ಫೋನಿನ್ಯಾಗೂ ಸರಿ ಮಾತಾಡವಲ್ಲಳು, ದಿಲ್ಶಾದವ್ವ. ನಿಮಗರ ಏನಾರ ಬರದಾಳೇನು?" ಅಂತ ಕೇಳಿದಳು. ಹಾಯಿ ಚೆನ್ನಾಗಿದೆ ಅಂತ ಬರೆದಿದ್ದಾಳೆ ಅಂದೆ.

ಸಾಹೇಬರ ಮಾತು ಮೂರನೇ ಸಲ ಕೇಳುತ್ತಿದ್ದೇನೆ.

ದಿಲ್ಶಾದ


ಕಾರವಾರ
8 ಡಿಸೆಂಬರ್ 2024

ಪ್ರೀತಿಯ ಚಾಚಿ,

ಹೇಗೆ ಶುರು ಮಾಡಬೇಕೆಂದು ತಿಳಿಯದೆ ಈ ಪತ್ರವನ್ನು ಮೂರು ಸಲ ಹರಿದು ಹಾಕಿದ್ದೇನೆ.

ದೋಣಿಗಳು ಓಡುತ್ತಿಲ್ಲ. ಹೊಸ ಹಾಯಿ ಹಾಕಿದ್ದು ಹಳೆಯ ಚಿಂದಿ ಹಾಯಿಯದಕ್ಕಿಂತ ಹಿಂದೆ ಬೀಳುತ್ತದೆ. ಇದು ಮೊದಲ ಹಾಯಿಯ ದಿನವೇ ಕಂಡಿತ್ತು. ಗಾಳಿ ಕಡಿಮೆ ಇತ್ತೆಂದು ಬರೆದೆ. ನಿಜ ಹೇಳಬೇಕೆಂದರೆ ಗಾಳಿ ಚೆನ್ನಾಗಿಯೇ ಇತ್ತು. ತಪ್ಪು ಹಾಯಿ ಏರಿಸುವ ಕಂಬದ್ದಿರಬೇಕು ಅಂದುಕೊಂಡು ಕಂಬದ ತಂತಿಗಳನ್ನೆಲ್ಲ ಬಿಗಿದೆ, ಸಡಿಲಿಸಿದೆ. ಹೊಸ ಚುಕ್ಕಾಣಿ ತೆಗೆದು ಹಳೆಯದನ್ನು ಹಾಕಿ ನೋಡಿದೆ. ಒಂದು ತಿಂಗಳು ಹೀಗೇ ಹೋಯಿತು. ನಿಮ್ಮ ಕೆಲಸದಲ್ಲಿ ತಪ್ಪು ಹುಡುಕುವ ಯೋಚನೆ ಕೂಡ ಮೊದಮೊದಲು ಬರಲಿಲ್ಲ. ಬಂದಾಗ ಅದನ್ನು ಒಳಗೇ ಅದುಮಿದೆ. ಸೂಜಿ ಹಿಡಿಯುವುದನ್ನು ಕಲಿಸಿದವರಿಗೆ ಹೇಗೆ ಹೇಳುವುದು?

ನಿನ್ನೆ ಒಂದು ಹಾಯಿಯನ್ನು ಮರಳಿನ ಮೇಲೆ ಹಾಸಿ ಪಕ್ಕದಲ್ಲಿ ನನ್ನ ನಕ್ಷೆಯ ಪ್ರತಿ ಇಟ್ಟೆ. ನನ್ನ ಗೆರೆ ಪಟ್ಟಿಯ ಎರಡೂ ತುದಿಯಲ್ಲಿ ಎರಡೆರಡು ಬೆರಳಿನಷ್ಟು ಬಾಗಿದೆ. ಆ ಬಾಗು ಇದ್ದರೇ ಹಾಯಿ ಹೊಟ್ಟೆಯಂತೆ ಉಬ್ಬಿ ಗಾಳಿ ತುಂಬಿಕೊಳ್ಳುವುದು. ನಿಮ್ಮ ಹೊಲಿಗೆ ನೆಟ್ಟಗಿದೆ. ಚಾಚಿ, ನಾನು ಕಳಿಸಿದ ಕಾಗದದಲ್ಲಿ ಗೆರೆ ಹೇಗಿತ್ತು? ದಯವಿಟ್ಟು ಬೇಗ ಬರೆಯಿರಿ. ಇನ್ನು ನಲವತ್ತೊಂದು ದಿನ ಇದೆ.

ತನುಜಾ


ಸವಣೂರು
12 ಡಿಸೆಂಬರ್ 2024

ತನುಜಾ,

ಗೆರೆ ಬಾಗಿತ್ತು. ನಾನೇ ಅದನ್ನು ನೆಟ್ಟಗೆ ಮಾಡಿದೆ.

ಕಾಗದ ಒದ್ದೆಯಾಗಿ ಉಬ್ಬಿತ್ತಲ್ಲ, ಅದರಿಂದ ಗೆರೆ ಓಡಿದೆ ಅಂದುಕೊಂಡೆ. ಆಮೇಲೆ ಒಂಬತ್ತೂ ಪಟ್ಟಿಯಲ್ಲಿ ಹಾಗೇ ಇರುವುದು ನೋಡಿ, ಇದು ನೀರಿನ ಕೆಲಸವಲ್ಲ, ಹುಡುಗಿಯ ಕೈ ತಪ್ಪಿದೆ ಅಂತ ತೀರ್ಮಾನಿಸಿದೆ. ಕೇಳಬಹುದಿತ್ತು, ಕೇಳಲಿಲ್ಲ. ನಮ್ಮ ಅಂಗಡಿಯ ರೀತಿ ನಿನಗೆ ಗೊತ್ತು. ಗಿರಾಕಿ ತಪ್ಪು ಅಳತೆ ತಂದರೆ ಎದುರಿಗೆ ಹೇಳಿ ಮುಖ ಸಣ್ಣದು ಮಾಡುವುದಿಲ್ಲ. ಸುಮ್ಮನೆ ತಿದ್ದಿ ಹೊಲಿದು ಕೊಡುತ್ತೇವೆ. ನೀನು ಈಗ ಹತ್ತು ಜನರ ಮೇಲಿರುವವಳು. ನಿನಗೆ ಗೆರೆ ಎಳೆಯಲು ಬರುವುದಿಲ್ಲ ಅಂತ ನಾನು ಹೇಗೆ ಬರೆಯಲಿ?

ಇನ್ನೂ ಒಂದು ಮಾತು. ನಲವತ್ತು ವರ್ಷ ನಾನು ಗಾಳಿ ಒಳಗೆ ಬರಬಾರದು ಅಂತ ಹೊಲಿದವಳು. ತಾಡಪತ್ರಿ ಎಲ್ಲಾದರೂ ಉಬ್ಬಿದರೆ ಗಾಳಿ ಹೊಕ್ಕು ಎಬ್ಬಿಸುತ್ತದೆ, ಜೋಳದ ರಾಶಿ ತೋಯ್ದು ಹೋಗುತ್ತದೆ. ಉಬ್ಬಿದ ಹೊಲಿಗೆ ಅಂದರೆ ನಮ್ಮಲ್ಲಿ ಕೆಟ್ಟ ಹೊಲಿಗೆ. ಗಾಳಿ ತುಂಬಿಕೊಳ್ಳಲಿ ಅಂತ ಯಾರಾದರೂ ಹೊಲಿಸುತ್ತಾರೆ ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಹದಿನಾರು ಹುಡುಗಿಯರು ಅಂತ ಬರೆದಿದ್ದೆಯಲ್ಲ, ಅದೇ ಕಣ್ಣಿಗೆ ಕಟ್ಟುತ್ತದೆ. ಏನು ಮಾಡಲಿ ಹೇಳು.

ದಿಲ್ಶಾದ


ಕಾರವಾರ
16 ಡಿಸೆಂಬರ್ 2024

ಚಾಚಿ,

ತಪ್ಪು ನಿಮ್ಮೊಬ್ಬರದಲ್ಲ. ಬಾಗು ಯಾಕೆ ಅಂತ ನಾನು ನಕ್ಷೆಯ ಜೊತೆಗೇ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಮೊದಲ ಹಾಯಿ ಬಂದಾಗ ನಿಜ ಬರೆದಿದ್ದರೂ ಸಾಕಿತ್ತು.

ಈಗ ನಾನು ಯೋಚಿಸಿ ನೋಡಿದ್ದೇನೆ. ಏನನ್ನೂ ಬಿಚ್ಚಬೇಡಿ. ನಿಯಮ ಕೇಳುವುದು ಎಂಟೂ ಒಂದೇ ಥರ ಇರಬೇಕು ಅಂತ ಅಷ್ಟೇ. ಚಪ್ಪಟೆಯಾದರೆ ಎಂಟೂ ಚಪ್ಪಟೆ ಇರಲಿ. ದೋಣಿಗಳು ತೆವಳುತ್ತವೆ, ನೋಡುವವರು ನಗುತ್ತಾರೆ, ನಗಲಿ. ಎಂಟು ಹೊರಟರೆ ವರ್ಗ ಉಳಿಯಿತು. ಮುಂದಿನ ವರ್ಷ ತಿದ್ದೋಣ. ನಿಮ್ಮ ಹತ್ತಿರ ಇರುವ ಮೂರನ್ನು ಹಾಗೆಯೇ ಕಳಿಸಿಬಿಡಿ.

ತನುಜಾ


ಸವಣೂರು
15 ಡಿಸೆಂಬರ್ 2024

ತನುಜಾ,

ನಿನ್ನ ಉತ್ತರ ಕಾಯುತ್ತಾ ಕೂರಲು ನನ್ನಿಂದಾಗಲಿಲ್ಲ. ಇಲ್ಲಿದ್ದ ಮೂರೂ ಹಾಯಿ ಬಿಚ್ಚಿದ್ದೇನೆ. ಅಂಚಿನಲ್ಲಿ ಯಾವಾಗಲೂ ಎರಡು ಬೆರಳು ಹೆಚ್ಚು ಬಟ್ಟೆ ಬಿಟ್ಟು ಕತ್ತರಿಸುವುದು ನನ್ನ ಚಟ, ಅದೇ ಈಗ ಕಾಪಾಡಿತು. ನಿನ್ನ ಗೆರೆಯ ಮೇಲೆ, ಬಾಗಿದ್ದು ಬಾಗಿದ ಹಾಗೇ, ಮಾಹೀರಾ ಮತ್ತು ನಾನು ಹೊಲಿಯಲು ಕೂತಿದ್ದೇವೆ. ಐದನ್ನೂ ವಾಪಸು ಕಳಿಸು.

ದಿಲ್ಶಾದ


ಕಾರವಾರ
16 ಡಿಸೆಂಬರ್ 2024, ಮಧ್ಯಾಹ್ನ

ಚಾಚಿ, ಎಂಥ ಕೆಲಸ ಮಾಡಿದಿರಿ!

ಬೆಳಿಗ್ಗೆ ನನ್ನ ಪತ್ರ ಯಲ್ಲಪ್ಪನ ಕೈಗಿಟ್ಟು, ಅವನು ತಂದ ನಿಮ್ಮ ಪತ್ರವನ್ನು ಶೆಡ್ಡಿಗೆ ಬಂದು ಒಡೆದೆ. ಅಷ್ಟರಲ್ಲಿ ಅವನು ಹೊರಟಾಗಿತ್ತು. ಅವನಿಗೆ ಫೋನು ಮಾಡಿ ಏನು ಉಪಯೋಗ, ಬಿಚ್ಚಿದ್ದು ಬಿಚ್ಚಿಯಾಗಿದೆ. ಕೇಳದೆ ನೆಟ್ಟಗೆ ಮಾಡಿದಿರಿ, ಈಗ ಕೇಳದೆ ಬಿಚ್ಚಿದಿರಿ. ಐದು ಚಪ್ಪಟೆ, ಮೂರು ಉಬ್ಬು ಇಟ್ಟುಕೊಂಡು ನಾನು ಯಾವ ಪಂದ್ಯಕ್ಕೆ ಹೋಗಲಿ? ಇನ್ನು ಎಂಟೂ ಹೊಸದಾಗಬೇಕು, ಇಲ್ಲವೇ ಎಲ್ಲ ಮುಗಿಯಿತು. ನನಗೆ ಸಿಟ್ಟು ಬಂದಿದೆ. ಬಂದಿದೆ ಅಂತಲೇ ಬರೆಯುತ್ತಿದ್ದೇನೆ.

ಶುಕ್ರವಾರದ ಗಾಡಿಯಲ್ಲಿ ಐದೂ ಬರುತ್ತವೆ.

ತನುಜಾ


ಸವಣೂರು
6 ಜನವರಿ 2025

ತನುಜಕ್ಕನವರಿಗೆ,

ಅಕ್ಷರ ಮಾಹೀರಾಳದ್ದು, ಮಾತು ಅಮ್ಮಿಯದು. ಅವರಿಗೆ ಬರೆಯಲು ಪುರುಸೊತ್ತಿಲ್ಲ. ಐದು ಹಾಯಿ ಕಳಿಸಿದ್ದೇವೆ. ಮೂರು ಉಳಿದಿವೆ. ಹಳೆಯ ಸೂಜಿ ತೂತುಗಳ ಮೇಲೆ ಹೊಸ ಹೊಲಿಗೆ ಹಾಕಿಲ್ಲ, ಪಕ್ಕಕ್ಕೆ ಸರಿಸಿದ್ದೇವೆ.


ಕಾರವಾರ
10 ಜನವರಿ 2025

ಚಾಚಿ,

ನೀವೇ ಬರೆಯದಷ್ಟು ಕೋಪವೇ? ಅವತ್ತು ಬರೆದದ್ದಕ್ಕೆ ಕ್ಷಮೆ ಕೇಳುತ್ತೇನೆ. ಐದೂ ಹಾಯಿ ಏರಿಸಿದೆವು. ದೋಣಿ ನೀರು ಬಿಟ್ಟು ಹಾರುತ್ತದೇನೋ ಅನ್ನುವ ಹಾಗೆ ಓಡಿತು. ಹುಡುಗಿಯರು ಕಿರುಚಿ ಕಿರುಚಿ ಗಂಟಲು ಕೆಡಿಸಿಕೊಂಡರು. ನನಗೆ ಮಾತ್ರ ಐದು ಕಾಣಲಿಲ್ಲ, ಇನ್ನೂ ಬಾರದ ಮೂರೇ ಕಂಡವು. ಇನ್ನು ಎಂಟು ದಿನ ಇದೆ. ಒಂದು ಸಾಲಾದರೂ ನಿಮ್ಮ ಕೈಯಲ್ಲಿ ಬರೆಯಿರಿ.

ತನುಜಾ


ಸವಣೂರು
16 ಜನವರಿ 2025

ತನುಜಕ್ಕ, ಎರಡು ಹಾಯಿ ಮಂಗಳವಾರ ಮುಟ್ಟಿರಬೇಕು. ಎಂಟನೆಯದು ಇದು. ಇದನ್ನು ಪೂರಾ ನಾನೇ ಹೊಲಿದಿದ್ದೇನೆ, ತಪ್ಪಿದ್ದರೆ ನನ್ನದು. ಯಲ್ಲಪ್ಪ ಕಾಕಾ ನಾಳೆ ಹೊರಡುತ್ತಾರೆ.

ಮಾಹೀರಾ


ಕಾರವಾರ
20 ಜನವರಿ 2025

ಪ್ರೀತಿಯ ಚಾಚಿ,

ಎಂಟು ದೋಣಿ ಹೊರಟವು. ಇದನ್ನು ಮೊದಲು ಬರೆದುಬಿಡುತ್ತೇನೆ, ನೀವು ಕಡೆಯ ತನಕ ಉಸಿರು ಹಿಡಿದು ಓದುವುದು ಬೇಡ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಪಂದ್ಯ. ಎಂಟು ಗಂಟೆಗೆ ಅಳತೆ ನೋಡುವ ಹಿರಿಯರು ಹಾಯಿಗಳನ್ನು ಒಂದರ ಮೇಲೊಂದು ಹಾಸಿಸಿದರು. ಏಳು ಹಾಯಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಎಂಟನೆಯದರ ನಾಲ್ಕನೇ ಪಟ್ಟಿಯ ಹೊಲಿಗೆ ತುದಿಯಲ್ಲಿ ಒಂದು ಬೆರಳು ಹೊರಗೆ ಹೋಗಿತ್ತು. ಅವರು ತಲೆ ಅಲ್ಲಾಡಿಸಿ ಅದನ್ನು ಬದಿಗಿಟ್ಟರು. ಆ ದೋಣಿ ವಿದ್ಯಾ ಅನ್ನುವ ಹುಡುಗಿಯದು. ಅವಳು ನನ್ನ ಮುಖ ನೋಡಿದಳು.

"ಪಂದ್ಯ ಶುರುವಾಗುವ ಮೊದಲು ಸರಿಮಾಡಿದರೆ ನೋಡುತ್ತೇನೆ" ಅಂದರು ಹಿರಿಯರು. ನಾನು ಅಲ್ಲೇ ಮರಳಿನಲ್ಲಿ ಕೂತು ಬಿಚ್ಚಿದೆ. ಶೆಡ್ಡಿನ ಸಣ್ಣ ಮಶೀನಿಗೆ ಆ ಬಟ್ಟೆ ಬಗ್ಗುವುದಿಲ್ಲ, ಕೈಯಲ್ಲೇ ಹೊಲಿಯಬೇಕಿತ್ತು. ಆಳೆತ್ತರದ ಹೊಲಿಗೆ, ಅದೂ ಎರಡು ಸಾಲು. ಹತ್ತು ವರ್ಷದಿಂದ ಅಷ್ಟು ಉದ್ದ ಕೈಹೊಲಿಗೆ ಹಾಕಿರಲಿಲ್ಲ. ಒಂಬತ್ತೂವರೆಗೆ ಅರ್ಧವೂ ಆಗಿರಲಿಲ್ಲ. ನಾಲ್ಕು ತಿಂಗಳು ಗಾಳಿ ಬರಲಿ ಅಂತ ದಿನಾ ಬೇಡಿಕೊಂಡವಳು ಅವತ್ತು ಬಾರದಿರಲಿ ಅಂತ ಬೇಡಿಕೊಂಡೆ. ಬರಲಿಲ್ಲ ಚಾಚಿ! ಸಮುದ್ರ ತಟ್ಟೆಯಲ್ಲಿಟ್ಟ ನೀರಿನಂತೆ ನಿಂತಿತ್ತು. ಹತ್ತರ ಪಂದ್ಯ ಹನ್ನೊಂದಕ್ಕೆ, ಹನ್ನೊಂದರದು ಹನ್ನೆರಡಕ್ಕೆ ಹೋಯಿತು. ಹನ್ನೊಂದೂ ಮುಕ್ಕಾಲಿಗೆ ನಾನು ದಾರ ಕಡಿದೆ. ಹನ್ನೆರಡೂ ಕಾಲಿಗೆ ಗಾಳಿ ಎದ್ದಿತು.

ಹಿರಿಯರು ನನ್ನ ಹೊಲಿಗೆಯ ಮೇಲೆ ಬೆರಳಾಡಿಸಿ ಒಪ್ಪಿದರು. ಆಮೇಲೆ "ಈ ಕೈ ಎಲ್ಲಿ ಕಲಿತದ್ದು?" ಅಂತ ಕೇಳಿದರು. ನೀವು ಸಾಹೇಬರು ಅನ್ನುವ ಕಾರ್ಯದರ್ಶಿ ಲೋಹಿತ ಸರ್ ಪಕ್ಕದಲ್ಲೇ ಇದ್ದರು. "ಸವಣೂರಾಗ ರೀ. ತಾಡಪತ್ರಿ ಅಂಗಡ್ಯಾಗ. ಈ ಎಂಟೂ ಹಾಯಿ ಅಲ್ಲೇ ಹೊಲದಾರ" ಅಂದೆ. ಕಾರವಾರಕ್ಕೆ ಬಂದ ಮೇಲೆ ಇಲ್ಲಿನವರ ಹಾಗೆ ಮಾತಾಡುವವಳ ಬಾಯಲ್ಲಿ ಅವತ್ತು ನಮ್ಮೂರ ಮಾತೇ ಬಂತು.

ನೀವು ಮೂರು ಸಲ ಕೇಳಿದ ಪ್ರಶ್ನೆಗೆ ಉತ್ತರ ಇದು. ಸಾಹೇಬರು ನಿಮ್ಮ ಅಂಗಡಿಯ ಬಗ್ಗೆ ಏನೂ ಅಂದಿರಲಿಲ್ಲ, ಯಾಕೆಂದರೆ ನಾನು ಹೇಳಿರಲಿಲ್ಲ. ಬಟ್ಟೆ ಮುಂಬೈಯಿಂದ ಬಂದಿತ್ತು, ಹೊಲಿಗೆಯೂ ಅಲ್ಲಿಯದೇ ಅಂದುಕೊಂಡರು. ಅಲ್ಲ ಅನ್ನುವ ಪ್ರಸಂಗ ಬರಲಿಲ್ಲ. ಈಗ ವರ್ಗ ಎರಡು ವರ್ಷಕ್ಕೆ ಉಳಿದಿದೆ, ಆದರೆ ಕಮಿಟಿಗೆ ಸುಳ್ಳು ತಿಳಿವಳಿಕೆ ಕೊಟ್ಟದ್ದೇಕೆ ಎಂದು ಲಿಖಿತ ಉತ್ತರ ಕೇಳಿದ್ದಾರೆ. ಏನು ಬರೆಯಲಿ ಅಂತ ತೋಚುತ್ತಿಲ್ಲ.

ಒಂದು ಸಾಲು ನಿಮ್ಮ ಕೈಯಲ್ಲಿ ಬರೆಯಿರಿ.

ತನುಜಾ


ಸವಣೂರು
2 ಫೆಬ್ರವರಿ 2025

ತನುಜಾ,

ಇದು ನನ್ನದೇ ಕೈ. ಅಕ್ಷರ ಡೊಂಕಿವೆ, ಓದಿಕೋ. ಆ ಹಪ್ಪಳದ ಬಟ್ಟೆ ಬಿಚ್ಚಿ ಬಿಚ್ಚಿ ಬಲಗೈ ಬೆರಳು ಬಾತು ಮಡಚದೆ ಹೋಗಿದ್ದವು. ಅದಕ್ಕೇ ಮಾಹೀರಾ ಬರೆದಳು, ಅದಕ್ಕೇ ಎಂಟನೆಯದನ್ನು ಅವಳು ಹೊಲಿದಳು. ನೀನು ಹೆದರುತ್ತೀ ಅಂತ ಬರೆಯಲಿಲ್ಲ. ಆಗ ನಿನ್ನ ಮೇಲೆ ಕೋಪ ಇರಲಿಲ್ಲ.

ಕೋಪ ಬಂದದ್ದು ಈಗ. ಎಂಟು ದೋಣಿ ಹೊರಟವು ಅನ್ನುವುದನ್ನು ಓದಿ ಮಾಹೀರಾಳ ಕೈ ಹಿಡಿದು ಅತ್ತೆ. ಅದೇ ಪತ್ರದಲ್ಲಿ ಮುಂಬೈ ಅನ್ನುವುದನ್ನು ಓದಿ ಕಾಗದ ಮಡಚಿಟ್ಟೆ. ಪ್ರಸಂಗ ಬರಲಿಲ್ಲ ಅಂತ ಬರೆದಿದ್ದೀ. ಪ್ರಸಂಗ ಬಂದಿತ್ತು ತನುಜಾ, ನಿನಗೆ ನಾಚಿಕೆಯಾಯಿತು. ಹಿರೇಕೆರೂರಿನ ಮಾರ್ಕೆಟ್ಟಿನಲ್ಲಿ ಜೋಳ ಮುಚ್ಚುವವಳ ಕೈ ನಿಮ್ಮ ಸಾಹೇಬರ ದೋಣಿಯ ಮೇಲೆ ಅಂತ ಹೇಳಲು ನಾಚಿಕೆಯಾಯಿತು. ಕಮಿಟಿಗೆ ಅದನ್ನೇ ಬರೆದು ಕೊಡು. ಬೇರೆ ಏನು ಬರೆದರೂ ಸುಳ್ಳಾಗುತ್ತದೆ.

ಇನ್ನೂ ನಾಲ್ಕು ದೋಣಿ ಉಳಿದಿವೆಯಲ್ಲ, ಅವುಗಳ ಬಟ್ಟೆ ಕಳಿಸು. ಮಾಹೀರಾಳಿಗೆ ನಾಲ್ಕನೇ ಪಟ್ಟಿಯ ತಪ್ಪು ತೋರಿಸಿ ಹೇಳಿದ್ದೇನೆ. ಆ ಎಂಟನ್ನೂ ಮಳೆಗಾಲದಲ್ಲಿ ಇಲ್ಲಿಗೆ ಕಳಿಸು. ಹನ್ನೆರಡಕ್ಕೂ ಮೂಲೆಯಲ್ಲಿ ನಮ್ಮ ಅಂಗಡಿಯ ಹೆಸರು, ಊರಿನ ಹೆಸರು ಕೆಂಪು ದಾರದಲ್ಲಿ ಹೊಲಿಯುತ್ತೇನೆ, ದಂಡೆಯಿಂದಲೇ ಕಾಣುವಷ್ಟು ದೊಡ್ಡದಾಗಿ. ಬೇಡ ಅನ್ನಿಸಿದರೆ ಪತ್ರ ಬರೆಯಬೇಡ. ಬಸ್ಸು ಹತ್ತಿ ಸವಣೂರಿಗೆ ಬಾ, ನನ್ನ ಎದುರಿಗೆ ಕೂತು ನೀನೇ ಬಿಚ್ಚು.

ದಿಲ್ಶಾದ